ಕಂಬಿ ಬಳ್ಳಾರಿ ಕಡೆಯದು, ರೇಟು ಮಾತ್ರ ಚೀನಾ ನೋಡಿಕೊಂಡು: ಆಮದು ಸುಂಕ ನಮ್ಮ ಮನೆ ಖರ್ಚನ್ನು ಮುಟ್ಟುವ ಬಗೆ

2025ರ ಏಪ್ರಿಲ್‌ನಲ್ಲಿ ತುಮಕೂರಿನಲ್ಲಿ ನನ್ನ ತಂಗಿಯ ಮನೆ ಪಾಯ ದಾಟಿ ಪಿಲ್ಲರ್ ಮಟ್ಟಕ್ಕೆ ಬಂದಿತ್ತು. 30-40ರ ಸೈಟು, ಕೆಳಗೆ ಹತ್ತು ಚದರದ ಮನೆ, ಮೇಲಿನದು ಮುಂದೆ ನೋಡೋಣ ಅನ್ನೋ ಲೆಕ್ಕ. ಕಂಬಿ ಅಂಗಡಿಯವರು ದಿನಾ ಬೆಳಗ್ಗೆ ವಾಟ್ಸ್ಆ್ಯಪ್‌ನಲ್ಲಿ ರೇಟು ಕಳಿಸುತ್ತಿದ್ದರು. 8 ಎಂಎಂಗೆ ಒಂದು ರೇಟು, 10ಕ್ಕೆ ಒಂದು, 12ರಿಂದ 16ರವರೆಗೆ ಇನ್ನೊಂದು. ಕೆಳಗೆ ಒಂದು ಸಾಲು: ಈ ದರ ಇವತ್ತು ಸಂಜೆವರೆಗೆ ಮಾತ್ರ. ಆ ತಿಂಗಳು 21ನೇ ತಾರೀಖು ಕೇಂದ್ರ ಸರ್ಕಾರ ಹೊರಗಿನಿಂದ ಬರುವ ಕೆಲವು ಬಗೆಯ ಉಕ್ಕಿನ ಮೇಲೆ ಶೇ 12ರಷ್ಟು ಸೇಫ್‌ಗಾರ್ಡ್ ಸುಂಕ ಹಾಕಿತು. ಆಮದು ಒಮ್ಮೆಲೇ ಏರಿದಾಗ ಇಲ್ಲಿನ ಕಾರ್ಖಾನೆಗಳನ್ನು ಕಾಯಲು ಸ್ವಲ್ಪ ಕಾಲಕ್ಕೆ ಹಾಕುವ ಹೆಚ್ಚುವರಿ ಸುಂಕ ಅದು. ಅಂಗಡಿಗೆ ಹೋದಾಗ ಅಲ್ಲಿ ಅದೇ ಮಾತು. ‘ಇನ್ನು ಮೇಲಕ್ಕೇ ಹೋಗೋದು ಸಾರ್, ಈಗ್ಲೇ ಬುಕ್ ಮಾಡಿ’ ಅಂದರು. ಮನೆಗೆ ಬರುವ ದಾರಿಯಲ್ಲಿ ತಂಗಿ ಕೇಳಿದಳು: ‘ಅಣ್ಣ, ನಾವು ತಗೊಳ್ತಿರೋದು ಬಳ್ಳಾರಿ ಕಡೆ ಕಂಬಿ. ಸುಂಕ ಹಾಕಿರೋದು ಹೊರದೇಶದ್ದಕ್ಕೆ. ನಮಗ್ಯಾಕೆ ಜಾಸ್ತಿ ಆಗ್ಬೇಕು?’

ತುಂಬಾ ಸರಿಯಾದ ಪ್ರಶ್ನೆ. ಅವತ್ತು ನಾನು ಅರ್ಧಂಬರ್ಧ ಉತ್ತರ ಕೊಟ್ಟೆ. ಆಮೇಲೆ ಕೂತು ಲೆಕ್ಕ ಹಾಕಿದೆ, ದರ ಹೇಗೆ ಹೋಯಿತು ಅಂತ ವರ್ಷಪೂರ್ತಿ ಗಮನಿಸಿದೆ. ನನಗೆ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈಗ ಮನೆ ಕಟ್ಟುತ್ತಿರುವವರಿಗೆ, ಕಟ್ಟಬೇಕು ಅಂತ ದುಡ್ಡು ಕೂಡಿಡುತ್ತಿರುವವರಿಗೆ ಇದು ಬೇಕಾಗುವ ವಿಷಯ.

ಕತೆ ಶುರುವಾಗುವುದು ಚೀನಾದಲ್ಲಿ, ಅದೂ ಅಲ್ಲಿನ ಮನೆಗಳಿಂದಲೇ. ಇಪ್ಪತ್ತು ವರ್ಷ ಚೀನಾದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿದ್ದೇ ಕಟ್ಟಿದ್ದು. ಅದಕ್ಕೆ ಬೇಕಾದಷ್ಟು ಉಕ್ಕಿನ ಕಾರ್ಖಾನೆಗಳೂ ಎದ್ದವು. 2021ರಲ್ಲಿ ಎವರ್‌ಗ್ರ್ಯಾಂಡ್ ಅನ್ನೋ ದೈತ್ಯ ಬಿಲ್ಡರ್ ಕಂಪನಿ ಸಾಲ ಕಟ್ಟಲಾಗದೆ ಕುಸಿಯಿತು, ಅದರ ಹಿಂದೆ ಇನ್ನೂ ಹಲವು ಕಂಪನಿಗಳು ಮಲಗಿದವು, ಹೊಸ ಮನೆ ಕಟ್ಟುವ ಕೆಲಸ ಇಳಿಯುತ್ತಾ ಹೋಯಿತು. ಆದರೆ ಕುಲುಮೆ ಆರಿಸುವುದು ಅಷ್ಟು ಸುಲಭ ಅಲ್ಲ. ಉಕ್ಕು ಬರುತ್ತಲೇ ಇತ್ತು. ಅಲ್ಲಿ ಬೇಡವಾದದ್ದು ಹಡಗು ಹತ್ತಿತು. 2024ರಲ್ಲಿ ಚೀನಾ 11 ಕೋಟಿ ಟನ್ ಉಕ್ಕನ್ನು ಹೊರಗೆ ಮಾರಿತು. ಅದು ಎಲ್ಲಾ ದೇಶಗಳ ದರವನ್ನೂ ಕೆಳಕ್ಕೆ ಎಳೆಯಿತು, ಕೊರಿಯಾ ಮತ್ತು ಜಪಾನ್‌ನ ಕಂಪನಿಗಳೂ ತಮ್ಮ ಮಾಲಿಗೆ ಗಿರಾಕಿ ಹುಡುಕಿಕೊಂಡು ನಮ್ಮ ಕಡೆ ತಿರುಗಿದವು.

ಭಾರತಕ್ಕೆ 2024-25ರಲ್ಲಿ ಸುಮಾರು 95 ಲಕ್ಷ ಟನ್ ಸಿದ್ಧ ಉಕ್ಕು ಹೊರಗಿನಿಂದ ಬಂತು. ನಾವು ಹೊರಗೆ ಕಳಿಸಿದ್ದು ಹತ್ತಿರ ಹತ್ತಿರ ಅದರ ಅರ್ಧ. ಉಕ್ಕು ತಯಾರಿಕೆಯಲ್ಲಿ ಜಗತ್ತಿನಲ್ಲೇ ಎರಡನೇ ಸ್ಥಾನದಲ್ಲಿರುವ ದೇಶ ಉಕ್ಕು ಕೊಳ್ಳುವ ದೇಶ ಆಗಿಬಿಟ್ಟಿತು. ಉಕ್ಕಿನ ಮೇಲೆ ಶೇ 7.5ರ ಮಾಮೂಲಿ ಆಮದು ಸುಂಕ ಮೊದಲೇ ಇತ್ತಲ್ಲ, ಅದು ಯಾಕೆ ತಡೆಯಲಿಲ್ಲ? ಕೊರಿಯಾ ಜೊತೆ 2010ರಿಂದ, ಜಪಾನ್ ಜೊತೆ 2011ರಿಂದ ನಮಗೆ ವ್ಯಾಪಾರ ಒಪ್ಪಂದ ಇದೆ. ಅಲ್ಲಿಂದ ಬರುವ ಉಕ್ಕಿಗೆ ಆ ಸುಂಕ ಇಲ್ಲವೇ ಇಲ್ಲ. ಹಾಗಾಗಿ ಇಲ್ಲಿನ ಕಾರ್ಖಾನೆಗಳ ಸಂಘ 2024ರ ಕೊನೆಗೆ ದೂರು ಕೊಟ್ಟಿತು, ವಾಣಿಜ್ಯ ಇಲಾಖೆಯ ಕೆಳಗಿನ ಡಿಜಿಟಿಆರ್ ತನಿಖೆ ಮಾಡಿತು, ಮೊದಲು 200 ದಿನಕ್ಕೆ ಅಂತ ಶೇ 12ರ ಸುಂಕ ಬಂತು. ಆ ಅವಧಿ ನವೆಂಬರ್‌ನಲ್ಲಿ ಮುಗಿಯಿತು. ಡಿಸೆಂಬರ್ 30ಕ್ಕೆ ಸರ್ಕಾರ ಅದನ್ನೇ ಮೂರು ವರ್ಷಕ್ಕೆ ಗಟ್ಟಿ ಮಾಡಿತು: ಮೊದಲ ವರ್ಷ ಶೇ 12, ಎರಡನೇ ವರ್ಷ 11.5, ಮೂರನೇ ವರ್ಷ 11. ಲೆಕ್ಕ 2025ರ ಏಪ್ರಿಲ್ 21ರಿಂದಲೇ ಶುರು, 2028ರ ಏಪ್ರಿಲ್ 20ಕ್ಕೆ ಮುಗಿಯಬೇಕು.

ಈಗ ತಂಗಿಯ ಪ್ರಶ್ನೆಗೆ ಬರೋಣ.

ತೋರಣಗಲ್ಲಿನಲ್ಲಿ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದಿದೆ. ಅದಿರು ಪಕ್ಕದ ಸಂಡೂರಿನ ಬೆಟ್ಟದಲ್ಲೇ ಸಿಗುತ್ತೆ. ನಮ್ಮ ನೆಲ, ನಮ್ಮ ಅದಿರು, ನಮ್ಮ ಜನರ ದುಡಿಮೆ. ಹಾಗಿದ್ದ ಮೇಲೆ ದರವೂ ನಮ್ಮದೇ ಆಗಿರಬೇಕು ಅಂತ ಅನಿಸುವುದು ಸಹಜ. ಆದರೆ ಮಾರುವವರು ದರ ಇಡುವುದು ತಮಗೆ ಎಷ್ಟು ಖರ್ಚಾಯಿತು ಅಂತ ಮಾತ್ರ ನೋಡಿ ಅಲ್ಲ. ಕೊಳ್ಳುವವನಿಗೆ ಬೇರೆ ಕಡೆ ಎಷ್ಟಕ್ಕೆ ಸಿಗುತ್ತೆ ಅಂತ ನೋಡಿ. ಪುಣೆಯ ಕಾರ್ಖಾನೆಯವನಿಗೆ ಚೀನಾದ ಕಾಯಿಲ್ (ಸುರುಳಿ ಸುತ್ತಿದ ಉಕ್ಕಿನ ತಗಡು) ಮುಂಬೈ ಬಂದರಿಗೆ ಬಂದು, ಸುಂಕ ಕಟ್ಟಿ, ಲಾರಿ ಬಾಡಿಗೆ ಸೇರಿ ಟನ್ನಿಗೆ 50,000 ರೂಪಾಯಿಗೆ ಬೀಳುತ್ತೆ ಅಂದರೆ ಇಲ್ಲಿನ ಕಂಪನಿ ಅವನಿಗೆ 55,000 ಹೇಳಿ ಮಾಲು ಮಾರಲು ಆಗುವುದಿಲ್ಲ. ಈಗ ಬಂದರಿನಲ್ಲಿ ಶೇ 12 ಕೂಡಿಸಿ. ಹೊರಗಿನ ಮಾಲು 56,000ದ ಹತ್ತಿರಕ್ಕೆ ಹೋಯಿತು. ಇಲ್ಲಿನವರಿಗೆ 50ರಿಂದ 56ರವರೆಗೆ ಏರಿಸಲು ಜಾಗ ಸಿಕ್ಕಿತು. ಏರಿಸಲೇಬೇಕು ಅಂತೇನಿಲ್ಲ, ಆದರೆ ಏರಿಸಿದರೆ ತಡೆಯುವವರಿಲ್ಲ. ಸುಂಕದ ದುಡ್ಡು ಸರ್ಕಾರಕ್ಕೆ ಹೋಗುವುದು ಹೊರಗಿನಿಂದ ಬಂದ ಮಾಲಿನ ಮೇಲೆ ಮಾತ್ರ. ಒಳಗೆ ತಯಾರಾದ ಮಾಲಿನ ದರ ಏರಿದರೆ ಆ ಹೆಚ್ಚುವರಿ ದುಡ್ಡು ಕಾರ್ಖಾನೆಗೆ ಹೋಗುತ್ತೆ. ಆಮದು ಸುಂಕದ ಬಗ್ಗೆ ಮಾತಾಡುವಾಗ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹೊರದೇಶದ ಒಂದು ಮೊಳೆಯನ್ನೂ ಬಳಸದೆ ಮನೆ ಕಟ್ಟಿದರೂ ಆ ಸುಂಕ ನಿಮ್ಮ ಬಿಲ್ಲಿನೊಳಗೆ ಬಂದು ಕೂರಬಹುದು.

ಇನ್ನೊಂದು ವಿಷಯ. ಈ ಸುಂಕಕ್ಕೆ ಒಂದು ಗಡಿ ಬೆಲೆ ಇದೆ. ಬಿಸಿಯಲ್ಲಿ ಉರುಳೆಗಳ ನಡುವೆ ಒತ್ತಿ ಮಾಡಿದ ಹಾಟ್ ರೋಲ್ಡ್ ಕಾಯಿಲ್ ಟನ್ನಿಗೆ 675 ಡಾಲರ್ ಅಥವಾ ಅದಕ್ಕಿಂತ ಮೇಲಿನ ಬೆಲೆಗೆ ಬಂದರೆ ಸೇಫ್‌ಗಾರ್ಡ್ ಸುಂಕ ಇಲ್ಲ, ಕೆಳಗಿದ್ದರೆ ಉಂಟು. ಅಂದರೆ ಅಗ್ಗದ ಮಾಲನ್ನು ತಡೆಯುವುದೇ ಇದರ ಕೆಲಸ. ಅಗ್ಗದ ಮಾಲಿನಿಂದ ಅನುಕೂಲ ಆಗುತ್ತಿದ್ದದ್ದು ಯಾರಿಗೆ ಅಂತ ಯೋಚಿಸಿದರೆ ಅದರಲ್ಲಿ ಮನೆ ಕಟ್ಟುವವರೂ ಇದ್ದಾರೆ, ಗೇಟು ಗ್ರಿಲ್ಲು ಮಾಡುವ ಪೀಣ್ಯದ ಸಣ್ಣ ವರ್ಕ್‌ಶಾಪಿನವರೂ ಇದ್ದಾರೆ.

ಶೇ 12 ಅನ್ನೋದು ನಮ್ಮ ಕೈಗೆ ಬರುವ ಹೊತ್ತಿಗೆ 12 ಆಗಿ ಉಳಿಯುವುದಿಲ್ಲ ಅನ್ನೋದನ್ನೂ ನೋಡಿ. 100 ರೂಪಾಯಿಯ ಉಕ್ಕಿಗೆ 12 ಕೂಡಿಸಿದರೆ 112. ಅದರ ಮೇಲೆ ಶೇ 18 ಜಿಎಸ್‌ಟಿ. ಮೊದಲು 118 ಆಗುತ್ತಿದ್ದದ್ದು ಈಗ 132 ದಾಟಿತು. 14 ರೂಪಾಯಿ ವ್ಯತ್ಯಾಸ. ಫ್ಯಾಕ್ಟರಿ ನಡೆಸುವವರು ತಾವು ಕಟ್ಟಿದ ಜಿಎಸ್‌ಟಿಯನ್ನು ಮುಂದಿನ ಲೆಕ್ಕದಲ್ಲಿ ಕಳೆದುಕೊಳ್ಳುತ್ತಾರೆ. ಸ್ವಂತಕ್ಕೆ ಮನೆ ಕಟ್ಟುವವನಿಗೆ ಆ ಅವಕಾಶ ಇಲ್ಲ. ಸಾಲಿನ ಕೊನೆಯಲ್ಲಿ ನಿಂತವನು ಅವನೇ.

ಆದರೆ ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು, ಯಾಕಂದ್ರೆ ಅವತ್ತು ಅಂಗಡಿಯಲ್ಲಿ ನಮಗೆ ಅದನ್ನು ಯಾರೂ ಹೇಳಲಿಲ್ಲ. ಆ ಸೇಫ್‌ಗಾರ್ಡ್ ಸುಂಕ ಕಂಬಿಯ ಮೇಲೆ ಇಲ್ಲ. ಅದು ಇರುವುದು ಕಾಯಿಲ್, ಶೀಟು, ಪ್ಲೇಟುಗಳ ಮೇಲೆ. ಮನೆಯಲ್ಲಿ ಆ ಉಕ್ಕು ಎಲ್ಲೆಲ್ಲಿ ಬರುತ್ತೆ? ಟೆರೇಸಿನ ಮೇಲೆ ಹಾಕುವ ಬಣ್ಣದ ಶೀಟು, ಗೇಟಿನ ಚೌಕ ಪೈಪು, ಮೆಟ್ಟಿಲ ರೇಲಿಂಗು, ರೋಲಿಂಗ್ ಶಟರ್, ಕಬ್ಬಿಣದ ಬಾಗಿಲು ಚೌಕಟ್ಟು, ಮೀಟರ್ ಬೋರ್ಡಿನ ಡಬ್ಬ. ಪಿಲ್ಲರಿಗೆ, ಬೀಮಿಗೆ, ಮೋಲ್ಡಿಗೆ ಹೋಗುವ ಟಿಎಂಟಿ ಕಂಬಿ ಬೇರೆ ಗುಂಪು. ಅದರಲ್ಲಿ ದೊಡ್ಡ ಪಾಲು ಬರುವುದು ಸಣ್ಣ ಮತ್ತು ಮಧ್ಯಮ ರೋಲಿಂಗ್ ಮಿಲ್‌ಗಳಿಂದ. ಬಳ್ಳಾರಿ, ಕೊಪ್ಪಳದ ಸ್ಪಾಂಜ್ ಐರನ್ (ಅದಿರಿನಿಂದ ಮಾಡುವ ಕಚ್ಚಾ ಕಬ್ಬಿಣ) ಘಟಕಗಳ ಮಾಲನ್ನೋ ಗುಜರಿಯನ್ನೋ ಕರಗಿಸಿ ಕಂಬಿ ಎಳೆಯುವವರು ಅವರು. ಅವರ ದರವನ್ನು ಚೀನಾಕ್ಕಿಂತ ಹೆಚ್ಚಾಗಿ ನಡೆಸುವುದು ಅದಿರಿನ ಬೆಲೆ, ಕಲ್ಲಿದ್ದಲಿನ ಬೆಲೆ, ಕರೆಂಟು ಬಿಲ್ಲು, ಮತ್ತೆ ಮಳೆ.

ಹೌದು, ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಡ ಕೆಲಸ ನಿಧಾನ ಆಗುತ್ತೆ, ಕಂಬಿ ಕೇಳುವವರು ಕಮ್ಮಿ ಆಗುತ್ತಾರೆ, ದರ ಇಳಿಯುತ್ತೆ. 2025ರಲ್ಲಿ ಆದದ್ದೂ ಅದೇ. ಸುಂಕ ಬಂದ ಆಸುಪಾಸಿನಲ್ಲಿ ಏರಿದ್ದ ದರ ಮಳೆಗಾಲದಲ್ಲಿ ಜಾರಿತು, ಅಕ್ಟೋಬರ್ ಹೊತ್ತಿಗೆ ದೇಶದಲ್ಲಿ ಉಕ್ಕಿನ ದರ ಸುಮಾರು ಐದು ವರ್ಷದಲ್ಲೇ ಕಡಿಮೆ ಅನ್ನುವಷ್ಟು ಇಳಿದಿತ್ತು. ಸುಂಕ ಇದ್ದೂ ಇಳಿಯಿತು! ಒಳಗಿನ ಕಾರ್ಖಾನೆಗಳೇ ಬೇಕಾದ್ದಕ್ಕಿಂತ ಜಾಸ್ತಿ ತಯಾರಿಸಿದ್ದವು, ಹೊರಗೆ ಮಾರಲು ದಾರಿ ಕಿರಿದಾಗಿತ್ತು. ಹಾಗಾಗಿ ಸುಂಕ ಬಂತು ಅಂದ ತಕ್ಷಣ ದರ ಏರಿಯೇ ಏರುತ್ತೆ ಅನ್ನೋದು ತಪ್ಪು. ಸುಂಕ ಏರುವುದಕ್ಕೆ ಜಾಗ ಕೊಡುತ್ತೆ, ಏರಿಸುವುದು ಗಿರಾಕಿಯ ನೂಕುನುಗ್ಗಲು. ನಮ್ಮ ತಂಗಿ ಏಪ್ರಿಲ್‌ನಲ್ಲಿ ಹೆದರಿ ಮೋಲ್ಡಿನ ಕಂಬಿಯನ್ನೂ ಸೇರಿಸಿ ಒಟ್ಟಿಗೆ ಬುಕ್ ಮಾಡಿದ್ದಳು. ಮೋಲ್ಡ್ ಹಾಕಿದ್ದು ಆಗಸ್ಟ್ ಕೊನೆಗೆ. ಅಷ್ಟರಲ್ಲಿ ಅದೇ ಕಂಬಿ ಕಡಿಮೆಗೆ ಸಿಗುತ್ತಿತ್ತು, ಮೇಲಾಗಿ ನಾಲ್ಕು ತಿಂಗಳು ಸೈಟಿನಲ್ಲಿ ಟಾರ್ಪಾಲು ಹೊದೆಸಿ ಕಾಯಬೇಕಾಯಿತು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ, ನಾನೇ ಹೂಂ ಅಂದಿದ್ದೆ.

ಒಂದು ಮನೆಗೆ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕೋಣ. ಹತ್ತು ಚದರ, ಅಂದರೆ 1,000 ಚದರಡಿ. ಚದರಡಿಗೆ ಸುಮಾರು 4 ಕೆಜಿ ಕಂಬಿ ಹಿಡಿದರೆ 4 ಟನ್. ಮೇಸ್ತ್ರಿಗಳಿಗೆ ಇದು ಬಾಯಿಪಾಠ. ನಮ್ಮ ಮೇಸ್ತ್ರಿ ಲಾರಿ ಬಂದ ದಿನ ತೂಕದ ಚೀಟಿ ನೋಡುವ ಮೊದಲೇ ಕಂಬಿ ಎಣಿಸಿ, ಇಟ್ಟಿಗೆ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆಯುತ್ತಿದ್ದರು. ಕಂಬಿಯ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಬರುತ್ತೆ. 12 ಎಂಎಂ ಕಂಬಿ ಆದರೆ 144ನ್ನು 162ರಿಂದ ಭಾಗಿಸಿ, ಮೀಟರಿಗೆ 890 ಗ್ರಾಂ. ಕಂಬಿ 12 ಮೀಟರ್ ಉದ್ದ, ಹಾಗಾಗಿ ಒಂದು ಕಂಬಿಗೆ 10 ಕೆಜಿ 670 ಗ್ರಾಂ ಆಸುಪಾಸು. ಎಣಿಸಿದ ಲೆಕ್ಕಕ್ಕೂ ಚೀಟಿಗೂ ಹೊಂದಿದರೆ ಮಾತ್ರ ಇಳಿಸುವುದು. ಮನೆ ಕಟ್ಟುವವರು ಇದೊಂದನ್ನು ಕಲಿತಿಟ್ಟುಕೊಳ್ಳಿ, ಸುಂಕದ ಸುದ್ದಿ ಓದುವುದಕ್ಕಿಂತ ಜಾಸ್ತಿ ದುಡ್ಡು ಉಳಿಯುತ್ತೆ.

ಕೆಜಿಗೆ 60 ರೂಪಾಯಿ ಅಂತ ಇಟ್ಟುಕೊಂಡರೆ 4 ಟನ್ನಿಗೆ 2.4 ಲಕ್ಷ. ಚದರಡಿಗೆ 2,200ರಂತೆ ಪೂರ್ತಿ ಮನೆಗೆ 22 ಲಕ್ಷ. ಅಂದರೆ ಕಂಬಿಯ ಪಾಲು ಶೇ 11. ಸುಂಕದ ಬಿಸಿ ಕಂಬಿಗೂ ಪೂರ್ತಿ ತಟ್ಟಿ ಶೇ 12 ಏರಿತು ಅಂತ ಕೆಟ್ಟದ್ದನ್ನೇ ಊಹಿಸಿದರೂ 29,000 ಆಗುತ್ತೆ. ಗೇಟು, ಶೀಟು, ರೇಲಿಂಗಿನ ಉಕ್ಕಿಗೆ ಇನ್ನೊಂದು 9,000 ಇಡಿ. ಒಟ್ಟು 38,000. ಮನೆಯ ಖರ್ಚಿನ ಶೇ 2ಕ್ಕಿಂತ ಕಡಿಮೆ. ಹೋಲಿಕೆಗೆ ಸಿಮೆಂಟ್ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. 380 ರೂಪಾಯಿಯ ಚೀಲಕ್ಕೆ 30 ರೂಪಾಯಿ ಹತ್ತಿರ ಇಳಿಯಬೇಕು. ಈ ಮನೆಗೆ 400 ಚೀಲ ಅಂದರೆ 12,000 ಉಳಿತಾಯ. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಗಬಹುದು.

38,000 ದೊಡ್ಡದಲ್ಲ ಅಂತ ಅನಿಸಿದರೆ ಯಾರಿಗೆ ಅಂತ ಕೇಳಬೇಕು. ಬ್ಯಾಂಕ್ ಸಾಲ ತೆಗೆದು 22 ಲಕ್ಷದ ಮನೆ ಕಟ್ಟುವವನು ಟೈಲ್ಸ್‌ನಲ್ಲಿ ಸ್ವಲ್ಪ ಕಮ್ಮಿ ದರದ್ದು ಹಾಕಿ ಸರಿದೂಗಿಸುತ್ತಾನೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿಯಲ್ಲಿ ಮನೆ ಕಟ್ಟುವವರ ಕತೆ ಬೇರೆ. ಅವರಿಗೆ ಬಯಲು ಸೀಮೆಯಲ್ಲಿ ಸಿಗುವ ಸಹಾಯಧನ 1.20 ಲಕ್ಷ. 2016ರಲ್ಲಿ ಯೋಜನೆ ಶುರುವಾದಾಗ ನಿಗದಿಯಾದ ಮೊತ್ತ ಅದು. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಂದರೆ 270 ಚದರಡಿ. ಆರ್‌ಸಿಸಿ ಹಾಕಿದರೆ ಹತ್ತು ಕ್ವಿಂಟಲ್ ಹತ್ತಿರ ಕಂಬಿ ಬೇಕು. ಕೆಜಿಗೆ 10 ರೂಪಾಯಿ ಏರಿತು ಅಂದರೆ 10,000 ಹೋಯಿತು. ಅದೂ ಕಂತಿನಲ್ಲಿ ಬರುವ ದುಡ್ಡು. ಪಾಯದ ಫೋಟೊ ಅಪ್‌ಲೋಡ್ ಆಗಿ, ಮುಂದಿನ ಕಂತು ಬರುವಷ್ಟರಲ್ಲಿ ರೇಟು ಎಲ್ಲಿರುತ್ತೋ ಹೇಳೋರು ಯಾರು? ಇಳಿದಾಗ ಕೊಂಡಿಡೋಣ ಅಂದರೆ ಕೈಯಲ್ಲಿ ದುಡ್ಡಿರುವುದಿಲ್ಲ. ಗೋಡೆ ಎದ್ದು ಮೋಲ್ಡ್ ಇಲ್ಲದೆ ನಿಂತ ಮನೆಗಳನ್ನು ನಮ್ಮ ಪಾವಗಡ, ಶಿರಾ ಕಡೆ ಹಳ್ಳಿಗಳಲ್ಲಿ ಈಗಲೂ ನೋಡಬಹುದು. ಅದಕ್ಕೆ ಕಾರಣ ಹತ್ತಾರು ಇರುತ್ತೆ, ಸುಂಕ ಒಂದೇ ಅಲ್ಲ. ಆದರೆ ಉಕ್ಕಿನ ದರ ಮೇಲೆ ಹೋಗಲು ಜಾಗ ಮಾಡಿಕೊಡುವ ಸರ್ಕಾರ, ಸಹಾಯಧನವನ್ನು ಅದರ ಜೊತೆ ಏರಿಸದೆ ಇರುವುದು ಅನ್ಯಾಯ ಅಂತ ನನಗೆ ಅನಿಸುತ್ತೆ.

ಉಕ್ಕು ಬಿಟ್ಟರೆ ಮನೆಯಲ್ಲಿ ಹೊರದೇಶಕ್ಕೆ ನೇರವಾಗಿ ಅಂಟಿಕೊಂಡಿರುವ ಸಾಮಾನು ತಾಮ್ರದ ವೈರು. 2018ರಲ್ಲಿ ತೂತ್ತುಕುಡಿಯ ಸ್ಟೆರ್ಲೈಟ್ ಘಟಕ ಮುಚ್ಚಿದ ಮೇಲೆ ಶುದ್ಧ ತಾಮ್ರಕ್ಕೆ ನಾವು ಹೊರಗಿನವರನ್ನು ನೆಚ್ಚುವುದು ಜಾಸ್ತಿಯಾಯಿತು. ಅದಿರಂತೂ ಬಹುಪಾಲು ಹೊರಗಿನದೇ. ನಮ್ಮ ಚಿತ್ರದುರ್ಗದ ಇಂಗಳದಾಳಿನಲ್ಲೂ ಒಂದು ಕಾಲಕ್ಕೆ ತಾಮ್ರದ ಗಣಿ ನಡೆಯುತ್ತಿತ್ತು, ಅದು ನಿಂತು ಎಷ್ಟೋ ವರ್ಷವಾಯಿತು. ಇರಲಿ. ಫ್ಯಾನು ಲೈಟಿಗಲ್ಲದೆ ಪ್ಲಗ್ ಪಾಯಿಂಟಿಗೆ ಎಳೆಯುವ 2.5 ಸ್ಕ್ವೇರ್ ಎಂಎಂ ವೈರಿನ 90 ಮೀಟರ್ ಕಾಯಿಲ್ ತೆಗೆದುಕೊಳ್ಳಿ. ಅದರೊಳಗೆ ಇರುವುದು ಹತ್ತಿರ ಹತ್ತಿರ 2 ಕೆಜಿ ತಾಮ್ರ. 2025ರ ಶುರುವಿನಲ್ಲಿ ತಾಮ್ರ ಟನ್ನಿಗೆ 9,000 ಡಾಲರ್ ಆಸುಪಾಸು ಇತ್ತು, 2026ರ ಜನವರಿಯಲ್ಲಿ 13,000 ದಾಟಿತು. ಅದೇ ಹೊತ್ತಿಗೆ ಡಾಲರ್ ಕೂಡ 90 ರೂಪಾಯಿ ದಾಟಿತ್ತು. ಒಂದು ಕಾಯಿಲ್ಲಿನ ತಾಮ್ರಕ್ಕೇ 800 ರೂಪಾಯಿ ಹತ್ತಿರ ಜಾಸ್ತಿ. ತಾಮ್ರದ ಮೇಲಿನ ಆಮದು ಸುಂಕ ಶೇ 5, ಅದು ಬದಲಾಗಿಲ್ಲ. ಆದರೆ ಶೇಕಡ ಲೆಕ್ಕದ ಸುಂಕ ಆದ್ದರಿಂದ ದರ ಏರಿದಂತೆ ರೂಪಾಯಿ ಲೆಕ್ಕದಲ್ಲಿ ಅದೂ ಏರುತ್ತೆ. ಸಾಮಾನು ತುಟ್ಟಿಯಾದಷ್ಟೂ ತೆರಿಗೆ ತುಟ್ಟಿ. ಬೇರೆ ದೇಶದ ಸುಂಕದ ಗಾಳಿಯೂ ಇಲ್ಲಿಗೆ ಬೀಸುತ್ತೆ. 2025ರ ಜುಲೈನಲ್ಲಿ ಅಮೆರಿಕ ತಾಮ್ರಕ್ಕೆ ಶೇ 50 ಸುಂಕ ಅಂತ ಘೋಷಿಸಿತು, ಜಗತ್ತಿನ ತಾಮ್ರವೆಲ್ಲ ಅಲ್ಲಿಗೆ ಓಡಿತು, ತಿಂಗಳ ಕೊನೆಗೆ ಶುದ್ಧ ತಾಮ್ರಕ್ಕೆ ವಿನಾಯಿತಿ ಅಂದಾಗ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಒಂದೇ ದಿನ ದರ ಶೇ 20ಕ್ಕೂ ಜಾಸ್ತಿ ಬಿತ್ತು. ಎಲೆಕ್ಟ್ರಿಷಿಯನ್ ‘ಈ ವಾರ ಬೇಡ ಅಕ್ಕ, ಮುಂದಿನ ವಾರ ತಗೊಳ್ಳಿ’ ಅಂತ ತಂಗಿಗೆ ಹೇಳಿದ್ದ. ಅವನಿಗೆ ನ್ಯೂಯಾರ್ಕ್ ಗೊತ್ತಿರಲಿಲ್ಲ, ಅಂಗಡಿಯವರ ಮುಖ ನೋಡಿ ಹೇಳಿದ್ದ.

ಮರದ್ದು ಇನ್ನೊಂದು ಬಗೆ. ಮುಂಬಾಗಿಲು ತೇಗದ್ದೇ ಆಗಬೇಕು ಅಂತ ನಮ್ಮಲ್ಲಿ ಹಟ. ಉಳಿದ ಬಾಗಿಲು ಕಿಟಕಿಗೆ ಮತ್ತಿ, ಹೊನ್ನೆ, ಇಲ್ಲವೇ ಮಲೇಷಿಯಾ ಸಾಲ್. ಆ ಮಲೇಷಿಯಾ ಸಾಲ್ ಹೆಸರೇ ಹೇಳುವಂತೆ ಹಡಗಿನಲ್ಲಿ ಬಂದದ್ದು. ಬರ್ಮಾ ತೇಗ ಅಂತ ಈಗಲೂ ಅಂಗಡಿಯಲ್ಲಿ ಹೇಳುತ್ತಾರೆ, ಆದರೆ ಮ್ಯಾನ್ಮಾರ್ 2014ರಲ್ಲೇ ದಿಮ್ಮಿ ಹೊರಗೆ ಕಳಿಸುವುದನ್ನು ನಿಲ್ಲಿಸಿತು. ಈಗ ಬರುವ ತೇಗದಲ್ಲಿ ಆಫ್ರಿಕಾ, ದಕ್ಷಿಣ ಅಮೆರಿಕದ ತೋಟಗಳದ್ದೇ ಬೇಕಾದಷ್ಟಿದೆ. ಇಲ್ಲಿ ಸುಂಕ ಒಂದು ಬೇರೆ ಕೆಲಸ ಮಾಡುತ್ತೆ: ದಿಮ್ಮಿಗೆ ಕಡಿಮೆ, ಕೊಯ್ದ ಹಲಗೆಗೆ ಜಾಸ್ತಿ. ದಿಮ್ಮಿಯಾಗಿಯೇ ಬಂದರೆ ಕೊಯ್ಯುವ ಕೆಲಸ ನಮ್ಮ ಸಾಮಿಲ್‌ಗಳಿಗೆ ಸಿಗುತ್ತೆ ಅನ್ನೋ ಲೆಕ್ಕ. ಇದು ಒಳ್ಳೆಯ ಸುಂಕ ಅಂತ ನನ್ನ ಅಭಿಪ್ರಾಯ. ಕೊಳ್ಳುವವನಿಗೆ ದೊಡ್ಡ ಹೊರೆಯಿಲ್ಲ, ಊರಲ್ಲಿ ನಾಲ್ಕು ಜನಕ್ಕೆ ಕೆಲಸ.

ಸಿಮೆಂಟು, ಇಟ್ಟಿಗೆ, ಜಲ್ಲಿ, ಎಂ ಸ್ಯಾಂಡ್, ಗಾರೆ ಕೆಲಸದ ಕೂಲಿ, ಇವನ್ನು ಆಮದು ಸುಂಕ ನೇರವಾಗಿ ಮುಟ್ಟುವುದಿಲ್ಲ. ಮನೆಯ ಖರ್ಚಿನಲ್ಲಿ ದೊಡ್ಡ ಪಾಲು ಇವೇ. ಸಿಮೆಂಟಿನ ಸುಣ್ಣಕಲ್ಲು ಕಲಬುರಗಿಯ ಸೇಡಂ, ವಾಡಿ ಕಡೆಯದು. ಟೈಲ್ಸ್ ಗುಜರಾತಿನ ಮೋರ್ಬಿಯಿಂದ ಬರುತ್ತೆ, ಆದರೆ ಅಲ್ಲಿನ ಗೂಡು ಉರಿಯುವುದು ಬಹುಮಟ್ಟಿಗೆ ಹೊರಗಿನಿಂದ ಬಂದ ಗ್ಯಾಸಿನಿಂದ. ಮರಳನ್ನೂ ಒಮ್ಮೆ ಹೊರಗಿನಿಂದ ತಂದಿದ್ದೆವು ಅನ್ನೋದು ನೆನಪಿದೆಯಾ? ನದಿ ಮರಳಿಗೆ ಬರ ಬಂದಾಗ, 2018ರ ಸುಮಾರಿಗೆ, ನಮ್ಮ ರಾಜ್ಯ ಸರ್ಕಾರದ ಎಂಎಸ್ಐಎಲ್ ಕಂಪನಿ ಮಲೇಷಿಯಾದ ಮರಳನ್ನು 50 ಕೆಜಿ ಚೀಲದಲ್ಲಿ ತುಂಬಿ ಮಾರಿತ್ತು.

ಗಡಿಯಲ್ಲಿ ಹಾಕುವ ತೆರಿಗೆ ಎಷ್ಟು ಬೇಗ ಕೆಲಸ ಮಾಡುತ್ತೆ ಅಂತ ನೋಡಬೇಕಾದರೆ 2022ಕ್ಕೆ ಹೋಗಬೇಕು. ಉಕ್ರೇನ್ ಯುದ್ಧ ಶುರುವಾಗಿ ಏಪ್ರಿಲ್ ಹೊತ್ತಿಗೆ ಕಂಬಿ ಟನ್ನಿಗೆ 75,000 ಮುಟ್ಟಿ, ಕಟ್ಟುತ್ತಿದ್ದವರೆಲ್ಲ ಕೈಚೆಲ್ಲಿ ಕೂತಿದ್ದರು. ಮೇ 21ರ ಸಂಜೆ ಸರ್ಕಾರ ಉಲ್ಟಾ ದಾರಿ ಹಿಡಿಯಿತು. ಹೊರಗೆ ಹೋಗುವ ಉಕ್ಕಿನ ಮೇಲೆ ಶೇ 15 ಸುಂಕ ಹಾಕಿತು. ಹೊರಗೆ ಮಾರುವುದು ಲಾಭವಿಲ್ಲ ಅಂತಾದ ಮೇಲೆ ಮಾಲು ಒಳಗೇ ಉಳಿಯಿತು, ಕೆಲವೇ ವಾರದಲ್ಲಿ ದರ ಸಾವಿರಗಟ್ಟಲೆ ಇಳಿಯಿತು. ನವೆಂಬರ್‌ನಲ್ಲಿ ಆ ಸುಂಕ ತೆಗೆದರು. ಅವತ್ತು ಕಾರ್ಖಾನೆಗಳಿಗೆ ಪೆಟ್ಟು ಬಿತ್ತು, ಕಟ್ಟುವವರು ಉಸಿರು ಬಿಟ್ಟರು. 2025ರಲ್ಲಿ ತಕ್ಕಡಿ ಕಾರ್ಖಾನೆಗಳ ಕಡೆ ವಾಲಿತು.

ಅಮೆರಿಕದಲ್ಲಿ ಈ ಆಟ ಇನ್ನೂ ಜೋರು. ಅಲ್ಲಿ ಮನೆ ಅಂದರೆ ಮರದ ಚೌಕಟ್ಟು, ಆ ಮೆತ್ತನೆ ಮರದ ಸುಮಾರು ಕಾಲು ಭಾಗ ಕೆನಡಾದಿಂದ ಬರುತ್ತೆ. ಈ ಮರದ ಬಗ್ಗೆ ಎರಡು ದೇಶಗಳ ನಡುವಿನ ಹಳೆಯ ಜಗಳದ ಸುಂಕ ಶೇ 35ಕ್ಕೆ ಏರಿತ್ತು, 2025ರ ಅಕ್ಟೋಬರ್ 14ರಿಂದ ಇನ್ನೂ 10 ಸೇರಿ ಶೇ 45 ಆಯಿತು. ಉಕ್ಕು ಮತ್ತು ಅಲ್ಯೂಮಿನಿಯಂಗೆ ಜೂನ್‌ನಿಂದಲೇ ಶೇ 50, ಅಡುಗೆಮನೆಯ ಕ್ಯಾಬಿನೆಟ್‌ಗೆ 25. ಸುಂಕದಿಂದ ಒಂದು ಹೊಸ ಮನೆಗೆ ಸರಾಸರಿ 10,900 ಡಾಲರ್ ಜಾಸ್ತಿ ಆಗುತ್ತೆ ಅಂತ ಅಲ್ಲಿನ ಮನೆ ಕಟ್ಟುವವರ ರಾಷ್ಟ್ರೀಯ ಸಂಘ ತನ್ನ ಬಿಲ್ಡರ್‌ಗಳನ್ನು ಕೇಳಿ 2025ರ ಏಪ್ರಿಲ್‌ನಲ್ಲೇ ಹೇಳಿತ್ತು. ನಮ್ಮ ದುಡ್ಡಲ್ಲಿ ಒಂಬತ್ತು ಲಕ್ಷಕ್ಕೂ ಮೇಲೆ. ಡಲ್ಲಾಸ್ ಕಡೆ ಹೊಸ ಮನೆ ಬುಕ್ ಮಾಡಿದ್ದ ಗೆಳೆಯನೊಬ್ಬ ಹೇಳಿದ್ದು: ಬಿಲ್ಡರ್ ದರ ಏರಿಸಲಿಲ್ಲ, ಕೊಡುತ್ತಿದ್ದ ರಿಯಾಯಿತಿ ಕಡಿಮೆ ಮಾಡಿದ. ಇದು ನಮ್ಮೂರಿಗೆ ಸಂಬಂಧವಿಲ್ಲದ ಕತೆಯೂ ಅಲ್ಲ. ಬೆಂಗಳೂರಿನ ಪಕ್ಕದ ಜಿಗಣಿಯಲ್ಲಿ ಪಾಲಿಶ್ ಆದ ಗ್ರಾನೈಟ್ ಅಲ್ಲಿನ ಅಡುಗೆಕಟ್ಟೆಗೆ ಹೋಗುತ್ತೆ. 2025ರ ಆಗಸ್ಟ್ 27ರಿಂದ ಭಾರತದ ಮಾಲಿಗೆ ಶೇ 50 ಸುಂಕ ಬಿದ್ದಾಗ ಅದರ ಬಿಸಿ ಇಲ್ಲಿನ ಕಲ್ಲು ಕೊಯ್ಯುವವರಿಗೂ ತಟ್ಟಿತು.

ಹಾಗಾದರೆ ಉಕ್ಕಿನ ಸುಂಕ ಬೇಡವೇ ಬೇಡವಾ? ನಾನು ಹಾಗೆ ಹೇಳಲಾರೆ. ಚೀನಾದ ಅಗ್ಗದ ಮಾಲು ಹೀಗೇ ಬರುತ್ತಿದ್ದರೆ ಮೊದಲು ಕುಸಿಯುವುದು ಸಣ್ಣ ಮಿಲ್‌ಗಳು. ಅವು ಮುಚ್ಚಿದ ಮೇಲೆ ಹೊರಗಿನವರು ಇದೇ ದರಕ್ಕೆ ಕೊಡುತ್ತಾರೆ ಅಂತ ಯಾವ ಭರವಸೆಯೂ ಇಲ್ಲ. ಬಳ್ಳಾರಿ, ಕೊಪ್ಪಳದಲ್ಲಿ ಎಷ್ಟು ಮನೆಗಳ ಒಲೆ ಈ ಕುಲುಮೆಗಳನ್ನು ನಂಬಿದೆ ಅಂತ ಆ ಕಡೆಯವರಿಗೆ ಗೊತ್ತು. ವರ್ಷ ವರ್ಷ ಇಳಿಯುವ, ಕೊನೆಯ ದಿನ ಮೊದಲೇ ಬರೆದಿಟ್ಟ ಸುಂಕ, ಯಾವತ್ತೂ ತೆಗೆಯದ ಸುಂಕಕ್ಕಿಂತ ಎಷ್ಟೋ ಮೇಲು.

ನನ್ನ ದೂರು ಬೇರೆ. ಡಿಜಿಟಿಆರ್ ತನಿಖೆ ನಡೆಸುವಾಗ ಉಕ್ಕಿನ ಕಂಪನಿಗಳು ವಕೀಲರನ್ನು ಇಟ್ಟು, ಸಾವಿರಾರು ಪುಟದ ಅಂಕಿಅಂಶ ಕೊಟ್ಟು ವಾದ ಮಾಡುತ್ತವೆ. ಉಕ್ಕು ಬಳಸುವ ದೊಡ್ಡ ಕೈಗಾರಿಕೆಗಳೂ ಬಂದು ಮಾತಾಡುತ್ತವೆ. ಜೀವನದಲ್ಲಿ ಒಂದೇ ಒಂದು ಸಲ 4 ಟನ್ ಕಂಬಿ ಕೊಳ್ಳುವವರ ಸಂಘ ಎಲ್ಲಿದೆ? ಅವರು ಒಟ್ಟಾಗಿ ದೇಶದ ಉಕ್ಕಿನ ಬಹಳ ದೊಡ್ಡ ಗಿರಾಕಿ, ಆದರೆ ಒಬ್ಬೊಬ್ಬರಾಗಿ ಅಂಗಡಿ ಮುಂದೆ ನಿಂತವರು. ಸುಂಕ ಹಾಕುವ ದಿನವೇ ಬಡವರ ಮನೆ ಯೋಜನೆಯ ಮೊತ್ತವನ್ನು ಉಕ್ಕು ಸಿಮೆಂಟಿನ ದರಕ್ಕೆ ಜೋಡಿಸಿ ಅಂತ ಕೇಳುವವರು ಆ ಕೋಣೆಯಲ್ಲಿ ಯಾರಾದರೂ ಇರಬೇಕು. ನಮ್ಮ ಸಂಸದರು ಕೇಳಬಹುದು. ಕರ್ನಾಟಕದಲ್ಲಿ ಕುಲುಮೆಯೂ ಇದೆ, ಅರ್ಧಕ್ಕೆ ನಿಂತ ಮನೆಯೂ ಇದೆ, ಎರಡೂ ಕಡೆಯ ಮಾತನ್ನು ಆಡಲು ನಮಗಿಂತ ಸರಿಯಾದವರು ಯಾರು?

ಈಗ ಕಟ್ಟುತ್ತಿರುವವರಿಗೆ ನಾವು ಕಲಿತದ್ದನ್ನು ಹೇಳಿಬಿಡುತ್ತೇನೆ. ಸುಂಕದ ಸುದ್ದಿ ಬಂದ ವಾರ ಕಂಬಿ ಕೊಳ್ಳಬೇಡಿ, ಆ ವಾರ ಎಲ್ಲರೂ ಕೊಳ್ಳುತ್ತಾರೆ. ಸುಂಕ ಯಾವ ಬಗೆಯ ಉಕ್ಕಿಗೆ ಅಂತ ಮೊದಲು ಓದಿ. ಮೂರು ಅಂಗಡಿಯ ದರ ಒಂದೇ ದಿನ ಕೇಳಿ. ಮಳೆಗಾಲದಲ್ಲಿ ಸಾಮಾನ್ಯವಾಗಿ ಇಳಿಯುತ್ತೆ, ಆದರೆ ಒಂದು ತಿಂಗಳಿಗೆ ಬೇಕಾದಷ್ಟೇ ತನ್ನಿ, ತುಕ್ಕು ಹಿಡಿದರೆ ಉಳಿಸಿದ್ದೂ ಹೋಗುತ್ತೆ. ವೈರು ಮಾತ್ರ ಹಾಗಲ್ಲ, ಕೆಡುವುದಿಲ್ಲ, ದರ ಸರಿಯಿದ್ದಾಗ ತಂದು ಒಣಗಿದ ಜಾಗದಲ್ಲಿ ಇಟ್ಟುಕೊಳ್ಳಬಹುದು.

ತಂಗಿಯ ಮನೆಯ ಗೃಹಪ್ರವೇಶ ಆಯಿತು. ಟೆರೇಸಿನ ಮೇಲೆ ಎಂಟು ಪಿಲ್ಲರುಗಳ ಕಂಬಿ ಎರಡೂವರೆ ಅಡಿ ಮೇಲೆ ನಿಂತಿದೆ, ಮುಂದೆ ಮಹಡಿ ಎಬ್ಬಿಸಲಿಕ್ಕೆ ಅಂತ ಬಿಟ್ಟದ್ದು. ತುಕ್ಕು ಹಿಡಿಯದಿರಲಿ ಅಂತ ಮೇಸ್ತ್ರಿ ಅದಕ್ಕೆ ಸಿಮೆಂಟ್ ಹಾಲು ಬಳಿದು ಹೋಗಿದ್ದಾರೆ. ಮೊನ್ನೆ ಬಟ್ಟೆ ಒಣಗಿಸುವ ಹಗ್ಗವನ್ನು ಅದಕ್ಕೇ ಕಟ್ಟುತ್ತಾ ಅವಳು ಕೇಳಿದಳು, ‘ಅಣ್ಣ, ಮೇಲಿಂದು ಯಾವಾಗ ಶುರು ಮಾಡೋಣ?’ ಸುಂಕ 2028ರ ಏಪ್ರಿಲ್‌ಗೆ ಮುಗಿಯುತ್ತೆ, ಅಷ್ಟರಲ್ಲಿ ಒಂದು ಚೀಟಿಯೂ ಮುಗಿಯುತ್ತೆ, ಎರಡನ್ನೂ ಸೇರಿಸಿ ಲೆಕ್ಕ ಹಾಕಲು ಕೂತಿದ್ದೇವೆ.